ತಂತಿ ಕಿತ್ತರೂ ಆರದ ಪರದೆ

ಮೊದಲ ಸಲ ಆಕೆ ನಮ್ಮ ವರ್ಕ್‌ಶಾಪಿಗೆ ಬಂದದ್ದು ಜಗಳಕ್ಕೆ. ಹೊಸಪೇಟೆ ಬಸ್‌ಸ್ಟ್ಯಾಂಡಿನಿಂದ ನಡೆದೇ ಬಂದಿರಬೇಕು. ಸಂಡೂರಿನ ಕೆಂಪು ಧೂಳು ಸೆರಗಿನ ಮೇಲೂ ಹುಬ್ಬಿನ ಮೇಲೂ ಹಾಗೇ ಇತ್ತು. ಚಪ್ಪಲಿ ಬಿಡಲಿಲ್ಲ. ನೇರ ನನ್ನ ಮೇಜಿನ ಮುಂದೆ ನಿಂತಳು.

"ಗುಡ್ಡ ನೋಡೋ ಮಷಿನ್ ಮಾಡಿದವರು ಯಾರ್ರಿ ಇಲ್ಲಿ?"

ವರ್ಕ್‌ಶಾಪಿನ ಯಜಮಾನರು ಒಳಗಿನಿಂದ ಬಂದರು. ಮೊದಲು ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುತ್ತಿದ್ದವರು, ಯಾರ ಸಿಟ್ಟಿಗೂ ಮೊದಲು ಕುರ್ಚಿ ತೋರಿಸುವ ಜಾಯಮಾನ. "ಬರ್ರಿ, ಕುಂದ್ರಿ, ನೀರ ಕುಡೀರಿ."

"ಕುಂದರಾಕ ಬಂದಿಲ್ಲ. ನಿಮ್ಮ ಮಷಿನ್ ಸುಳ್ಳ ಹೇಳ್ತೈತಿ. ಊರ ಮಂದಿ ನಾನು ಸುಳ್ಳ ಹೇಳ್ತೀನಿ ಅಂತಾರ. ಇಬ್ಬರಾಗ ಯಾರು ಅಂತ ಇವತ್ತ ಗೊತ್ತಾಗ್ಲಿ."

ಯಾರೆಂದು ನನಗೆ ಆಗ ಹೊಳೆಯಿತು. ಯಶವಂತನಗರದ ಹತ್ತಿರದ ಒಂದು ಗಣಿಯಲ್ಲಿ ಬೇಡದ ಮಣ್ಣನ್ನು ಗುಡ್ಡದಂತೆ ಸುರಿದಿದ್ದರು. ಅದು ಮಳೆಗಾಲದ ಒಂದು ಮಧ್ಯಾಹ್ನ ಕುಸಿದಿತ್ತು. ಕೆಳಗಿನ ರಸ್ತೆಯಲ್ಲಿ ಹೋಗುತ್ತಿದ್ದ ನೀರಿನ ಟ್ಯಾಂಕರ್ ಅದರಡಿ ಸಿಕ್ಕಿತು. ಡ್ರೈವರ್ ಬದುಕಿದ, ಒಂದು ಕಾಲು ಹೋಯಿತು. ಗುಡ್ಡದ ಮೈಯಲ್ಲಿ ನೆಟ್ಟಿದ್ದ ಸೆನ್ಸರ್‌ಗಳು ನಮ್ಮವು. ಮಣ್ಣು ಸ್ವಲ್ಪ ಜರುಗಿದರೂ ಕ್ಯಾಬಿನ್‌ನಲ್ಲಿರುವ ಕಂಪ್ಯೂಟರ್ ಪರದೆಯ ಮೇಲೆ ಗೆರೆ ಏಳಬೇಕು, ಗೆರೆ ಎದ್ದರೆ ಅಲ್ಲಿ ಕೂತವರು ಸೈರನ್ ಒತ್ತಬೇಕು. ಆ ಮಧ್ಯಾಹ್ನ ಅಲ್ಲಿ ಕೂತವಳು ಈಕೆ. ಸೈರನ್ ಒತ್ತಿರಲಿಲ್ಲ.

ಕಂಪ್ಯೂಟರ್‌ನಲ್ಲಿ ಉಳಿದ ದಾಖಲೆ ಮಾತ್ರ ಗುಡ್ಡ ಬೆಳಿಗ್ಗೆಯಿಂದಲೇ ಜರುಗುತ್ತಿತ್ತು ಎಂದು ತೋರಿಸುತ್ತಿತ್ತು. ಯಜಮಾನರೇ ಹೋಗಿ ತೆಗೆದು ಕೊಟ್ಟಿದ್ದರು. ಅದರ ಮೇಲೆ ಗಣಿಯವರು ವಿಚಾರಣೆ ಇಟ್ಟಿದ್ದರು: ಕರ್ತವ್ಯದ ವೇಳೆ ನಿದ್ದೆ. ಡ್ರೈವರ್ ಆಕೆಯ ಊರಿನವನೇ, ಬಂಡ್ರಿಯ ಅದೇ ಓಣಿ. ಆಸ್ಪತ್ರೆಯಿಂದ ಅವನನ್ನು ಮನೆಗೆ ತಂದ ದಿನ ಆಕೆ ನೋಡಲು ಹೋದರೆ ಅವನ ತಾಯಿ ಬಾಗಿಲು ಹಾಕಿಕೊಂಡಳಂತೆ.

"ನೌಕರಿ ಹೋಗ್ಲಿ ಬಿಡ್ರಿ," ಎಂದಳು. "ಗಣಿ ಒಂದಲ್ಲ ಅಂದ್ರ ಇನ್ನೊಂದು. ಆ ಮನಿಯವರು ನಾ ಮಲಗಿದ್ದಿಲ್ಲ ಅಂತ ನಂಬಬೇಕು. ಅಷ್ಟ."

ನಾನು ನಂಬಲಿಲ್ಲ ಎಂದು ಇಲ್ಲಿ ಹೇಳಿಬಿಡಬೇಕು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳ ನಡುವೆ ಬೆಳೆದವಳು ನಾನು. ಭಾನುವಾರ ನಮ್ಮ ತಂಡ ಹಂಪಿಗೆ ಹೋಗಿ, ಪ್ರವಾಸಿಗರು ಹಾಯದ ಒಂದು ಕಲ್ಲುಮಂಟಪದಲ್ಲಿ ಅಭ್ಯಾಸ ಮಾಡುತ್ತಿತ್ತು. ಒಂದೇ ವಿಷಯದ ಮೇಲೆ ಊಟಕ್ಕೆ ಮುಂಚೆ ಪರ, ಊಟದ ಮೇಲೆ ವಿರೋಧ. ಅದರಿಂದ ಬಂದ ಗುಣವೋ ರೋಗವೋ, ಯಾರಾದರೂ ಅಳುತ್ತ ಹೇಳಿದರೆ ನನಗೆ ಅನುಮಾನ ಹೆಚ್ಚಾಗುತ್ತದೆ. ಈಕೆ ಅಳುತ್ತಿರಲಿಲ್ಲ, ಅದೊಂದು ಅನುಕೂಲ. ಸಾಕ್ಷಿಯನ್ನು ಕೇಳುವ ಹಾಗೆ ಕೇಳಿದೆ.

"ಪರದೆ ಮ್ಯಾಗ ಏನ್ ಕಾಣ್ತಿತ್ತು?"

"ಗೆರಿ. ನೆಟ್ಟಗ, ಅಡ್ಡ ಮಲಗಿತ್ತು."

"ಕಂಪ್ಯೂಟರ್ ನಿಂತಿರಬೇಕು."

"ನಿಂತಿದ್ದಿಲ್ಲ. ಮೂಲ್ಯಾಗ ಗಡಿಯಾರ ಓಡ್ತಿತ್ತು. ಗೆರಿನೂ ಮುಂದ ಮುಂದ ಹೋಗ್ತಿತ್ತು. ನಿಂತಿದ್ರ ನನಗ ತಿಳಿಯಂಗಿಲ್ಲೇನು?"

ಯಜಮಾನರು ನಕ್ಕು, "ವಕೀಲಮ್ಮ, ಸಿಕ್ಕಳಲ್ಲ ನಿನಗ ಜೋಡಿ," ಎಂದರು. ಅವರು ನನ್ನನ್ನು ಕರೆಯುವುದೇ ಹಾಗೆ. ನನಗೆ ನಗು ಬರಲಿಲ್ಲ. ಸುಳ್ಳು ಹೇಳುವವರು ಕಂಪ್ಯೂಟರ್ ನಿಂತಿತ್ತು ಎನ್ನುತ್ತಾರೆ, ಅದು ಸುಲಭ. ಗಡಿಯಾರ ಓಡುತ್ತಿತ್ತು ಎಂದು ತನಗೇ ತೊಡಕಾಗುವ ಮಾತನ್ನು ಯಾರು ಕಟ್ಟಿ ಹೇಳುತ್ತಾರೆ?

ಮರುದಿನ ಗಣಿಯ ಬಸ್ಸಿನಲ್ಲಿ ಆಕೆಯ ಜೊತೆ ಯಶವಂತನಗರಕ್ಕೆ ಹೋದೆ. ಕ್ಯಾಬಿನ್ ಎಂದರೆ ತಗಡಿನ ಡಬ್ಬ. ಕಿಟಕಿ ಮುಚ್ಚಿದರೂ ಒಳಗೆಲ್ಲ ಅದಿರಿನ ಧೂಳು; ನೀರಿನ ಬಾಟಲಿಯ ಕತ್ತಿನ ಸುತ್ತ ಕೂಡ ಕೆಂಪು ಬಳೆ. ಪಾಳಿ ಬದಲಾಗುವ ಹೊತ್ತಾಗಿತ್ತು. ಹೋಗುವವನು ಎದ್ದು ನಿಂತ, ಬರುವವನು ಕೂತುಕೊಳ್ಳಲಿಲ್ಲ. ಇಬ್ಬರೂ ಪರದೆಯ ಮುಂದೆ ನಿಂತು, ಮುಗಿದ ಪಾಳಿಯ ಗೆರೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದರು. ಆಮೇಲೆ ಬಂದವನು ಸೆನ್ಸರ್ ಪೆಟ್ಟಿಗೆಯ ತಂತಿಯನ್ನು ಕಿತ್ತ. ಬನಿಯನ್ ಬಟ್ಟೆಯಿಂದ ಅದರ ಬಾಯಿ ಒರೆಸಿ, ಉಫ್ ಎಂದು ಊದಿ, ಕಣ್ಣಿಗೊತ್ತಿಕೊಂಡು ಮತ್ತೆ ಸಿಕ್ಕಿಸಿದ.

"ಇದು ಏನಿದು?"

"ಧೂಳ ಕುಂತ್ರ ಮಷಿನ್ ಕುರುಡ ಆಕ್ಕೈತ್ರಿ," ಎಂದ ಅವನು. "ಪಾಳಿಗೊಮ್ಮಿ ಒರಸ್ರಿ ಅಂತ ನಿಮ್ಮೋರ ಹೇಳಿದ್ದು."

"ಪ್ರೋಗ್ರಾಂ ಬಂದ್ ಮಾಡಿ ಒರಸಬೇಕಲ್ಲ?"

ಆಕೆ ನನ್ನನ್ನೇ ದುರುಗುಟ್ಟಿ ನೋಡಿದಳು. "ಬಂದ್ ಮಾಡಿದ್ರ ಗೆರಿ ಅಳಿಸಿ ಹೋಗ್ತೈತಿ. ಖಾಲಿ ಪರದೆ ಕೊಟ್ಟು ಹೋದ್ರ, ಏನೋ ಮುಚ್ಚಿಟ್ಟು ಹೋದ ಅಂತಾರ. ಗೆರಿ ತೋರಿಸಿ ಪಾಳಿ ಒಪ್ಪಿಸೋದು ಇಲ್ಲಿ ಪದ್ಧತಿ."

ಮಳೆಗಾಲದಲ್ಲಿ ಧೂಳು ಕೆಸರಾದರೂ ಪದ್ಧತಿ ಹಾಗೇ ನಡೆದಿತ್ತು. ನಾನು ಪರದೆ ನೋಡಿದೆ. ಗಡಿಯಾರ ಓಡುತ್ತಿತ್ತು. ಗೆರೆ ಮುಂದೆ ಹೋಗುತ್ತಿತ್ತು. ಹೊರಗೆ ಹೋಗಿ ಗುಡ್ಡದ ಬುಡದ ಒಂದು ಸೆನ್ಸರನ್ನು ಕೈಯಾರೆ ಅಲ್ಲಾಡಿಸಿ ಬಂದೆ. ಗೆರೆ ಏಳಲಿಲ್ಲ. ದಾಖಲೆ ಬರೆಯುವ ಕಡತ ತೆರೆದರೆ ಅಲ್ಲಿ ನನ್ನ ಅಲ್ಲಾಟ ಪೂರ್ತಿ ಬರೆದಿತ್ತು.

ಆಕೆ ಗೋಡೆಗೆ ಒರಗಿ ಕುಕ್ಕರಗಾಲಲ್ಲಿ ಕುಳಿತುಬಿಟ್ಟಳು.

ಆದದ್ದು ಇಷ್ಟು. ಕಂಪ್ಯೂಟರ್‌ನ ಒಳಗೆ ಕರ್ನಲ್ ಎಂಬ ತಿರುಳು ಇರುತ್ತದೆ. ಯಂತ್ರದ ಯಾವ ಭಾಗವನ್ನು ಯಾರು ಮುಟ್ಟಬಹುದು ಎಂದು ತೀರ್ಮಾನಿಸುವುದು ಅದು. ಸೆನ್ಸರ್ ಪೆಟ್ಟಿಗೆಯ ಭಾಷೆಯನ್ನು ಕರ್ನಲ್‌ಗೆ ತಿಳಿಸಲು ಡ್ರೈವರ್ ಎಂಬ ಸಣ್ಣ ತಂತ್ರಾಂಶ ಬೇಕು. ನಮ್ಮ ಡ್ರೈವರ್ ಸೆನ್ಸರ್‌ನ ಅಂಕಿಗಳನ್ನು ಮೆಮೊರಿಯ ಒಂದು ಪುಟದಲ್ಲಿ ಬರೆಯುತ್ತಿತ್ತು. ಪರದೆಯ ಪ್ರೋಗ್ರಾಂಗೆ ಆ ಅಂಕಿಗಳನ್ನು ಮತ್ತೆ ಮತ್ತೆ ಒಯ್ದು ಕೊಡುವ ಬದಲು, ಅದೇ ಪುಟಕ್ಕೆ ಒಂದು ಕಿಟಕಿ ತೆಗೆದು ಕೊಡುತ್ತಿತ್ತು. ಇದಕ್ಕೆ ಮೆಮೊರಿ ಮ್ಯಾಪಿಂಗ್ ಅನ್ನುತ್ತಾರೆ. ತಂತಿ ಕಿತ್ತಾಗ ಡ್ರೈವರ್ ಆ ಪುಟವನ್ನು ಕೈಬಿಡುತ್ತದೆ, ಮತ್ತೆ ಸಿಕ್ಕಿಸಿದಾಗ ಹೊಸ ಪುಟ ಹಿಡಿಯುತ್ತದೆ. ದಾಖಲೆ ಬರೆಯುವ ಪ್ರೋಗ್ರಾಂ ಹೊಸ ಪುಟಕ್ಕೆ ಹೋಯಿತು. ಪರದೆಯ ಕಿಟಕಿ ಮಾತ್ರ ಹಳೆಯ ಪುಟದ ಕಡೆಗೇ ತೆರೆದಿತ್ತು. ನೋಡುವವರು ಒಬ್ಬರಿದ್ದರೂ ಕರ್ನಲ್ ಪುಟವನ್ನು ನಾಶ ಮಾಡುವುದಿಲ್ಲ. ಹೀಗೆ ಗುಡ್ಡ ಜರುಗುತ್ತಿರುವಾಗ ಆಕೆಯ ಕಣ್ಣ ಮುಂದೆ ತಂತಿ ಕೀಳುವ ಮೊದಲಿನ ಹಳೆಯ ಅಂಕಿಯೇ ಮತ್ತೆ ಮತ್ತೆ ಗೆರೆಯಾಗಿ ಹರಿಯುತ್ತಿತ್ತು.

ತಂತಿ ಹೋದಾಗ ಡ್ರೈವರ್ ಆ ಕಿಟಕಿಯನ್ನು ಮುಚ್ಚಿಬಿಟ್ಟಿದ್ದರೆ ಪರದೆಯ ಪ್ರೋಗ್ರಾಂ ಆ ಕ್ಷಣವೇ ಬಿದ್ದು ಸಾಯುತ್ತಿತ್ತು. ಸತ್ತಿದ್ದರೆ ಆಕೆಗೆ ಕಾಣುತ್ತಿತ್ತು.

ಹೊಸಪೇಟೆಗೆ ವಾಪಸು ಬಂದು ಯಜಮಾನರಿಗೆ ಹೇಳಿದೆ. ಡ್ರೈವರ್ ಬರೆದವರು ಅವರೇ. ಪೂರ್ತಿ ಕೇಳಿಸಿಕೊಂಡರು, ಮುಖ ಬಾಡಿತು. ಆದರೂ ಮೇಷ್ಟ್ರು ಮೇಷ್ಟ್ರೇ.

"ಕಿಟಕಿ ಮುಚ್ಚೋದು ಡ್ರೈವರ್ ಕೆಲಸ ಅಂತ ಎಲ್ಲೈತಿ? ಕರ್ನಲ್ ತಾನೇ ಮುಚ್ಚತೈತಿ ಅಂತ ತಿಳ್ಕೊಂಡಿದ್ದೆ. ನಿಯಮ ತೋರ್ಸು, ನಾ ಒಪ್ಕೋತೀನಿ."

ಹುಡುಕಿದೆ. ಕರ್ನಲ್ ಬರೆಯುವವರು ಲೋಕದ ತುಂಬ ಹರಡಿಕೊಂಡಿರುವ ಸ್ವಯಂಸೇವಕರು, ಅವರ ಕೈಪಿಡಿ ಎಲ್ಲರಿಗೂ ತೆರೆದಿದೆ. ಕಿಟಕಿ ಹೇಗೆ ತೆಗೆಯಬೇಕು ಎಂಬುದರ ಮೇಲೆ ಅದರಲ್ಲಿ ಪುಟಗಟ್ಟಲೆ ಇತ್ತು. ಯಂತ್ರವೇ ಕಿತ್ತುಹೋದರೆ ತೆಗೆದ ಕಿಟಕಿಯನ್ನು ಯಾರು ಮುಚ್ಚಬೇಕು ಎಂಬುದರ ಮೇಲೆ ಒಂದು ಸಾಲೂ ಇರಲಿಲ್ಲ. ಕೆಲವು ಡ್ರೈವರ್‌ಗಳು ಮುಚ್ಚುತ್ತಿದ್ದವು, ಕೆಲವು ಇಲ್ಲ. ಬಲ್ಲವರಿಗೆ ಗೊತ್ತಿತ್ತು, ಹೊಸಬರಿಗೆ ತಿಳಿಯುವ ದಾರಿ ಇರಲಿಲ್ಲ.

"ನಿಯಮ ಇಲ್ಲ ಸರ್."

"ಮತ್ತ?"

"ಬರಸ್ತೀನಿ."

ಹಟ ಎನ್ನಿ, ನನಗೆ ತಲೆಗೇರಿತ್ತು. ನಿಯಮ ಸ್ಪಷ್ಟವಾದರೆ ವಿಚಾರಣೆಯ ಮುಂದೆ ಇಟ್ಟು ತೋರಿಸಬಹುದು: ಹೀಗಿರಬೇಕಿತ್ತು, ಹೀಗಿರಲಿಲ್ಲ, ಆದ್ದರಿಂದ ಪರದೆ ಸುಳ್ಳು ಹೇಳಿತು, ಆಕೆ ಹೇಳಲಿಲ್ಲ. ಎರಡು ಪ್ಯಾರಾ ಬರೆದು ಕೈಪಿಡಿಗೆ ಸೇರಿಸಿ ಎಂದು ಕಳಿಸಿದೆ. ಯಂತ್ರ ಹೋದ ಕೂಡಲೇ ಅದರ ಪುಟಗಳಿಗೆ ತೆರೆದಿರುವ ಎಲ್ಲ ಕಿಟಕಿಗಳನ್ನೂ ಡ್ರೈವರ್ ಮುಚ್ಚತಕ್ಕದ್ದು. ಹಳೆಯ ಅಂಕಿಯನ್ನು ಹೊಸದೆಂಬಂತೆ ಕಾಣಿಸತಕ್ಕದ್ದಲ್ಲ.

ಆ ಭಾಗವನ್ನು ನೋಡಿಕೊಳ್ಳುವವರಲ್ಲಿ ಒಬ್ಬರು ತಡೆದರು. ನೀನು ಹೇಳಿದಂತೆ ಮಾಡಿದರೆ ಬಳಕೆದಾರರ ಪ್ರೋಗ್ರಾಂಗಳು ದಿಢೀರನೆ ಸಾಯುತ್ತವೆ, ಸಾಯಿಸುವುದು ನಮ್ಮ ಸಂಪ್ರದಾಯವಲ್ಲ ಎಂದರು. ಸತ್ತ ಪ್ರೋಗ್ರಾಂ ಕಣ್ಣಿಗೆ ಬೀಳುತ್ತದೆ, ಬದುಕಿದ್ದು ಸುಳ್ಳು ಹೇಳುವುದು ಬೀಳುವುದಿಲ್ಲ ಎಂದೆ. ಅವರು ಇನ್ನೊಂದು ಪ್ರಶ್ನೆ ಹಾಕಿದರು: ಇದು ಹೊಸ ನಿಯಮವೋ, ಮೊದಲಿಂದ ಇದ್ದದ್ದೋ? ಇದ್ದದ್ದು ಎಂದರೆ ಇಂದಿನವರೆಗಿನ ಎಷ್ಟೋ ಡ್ರೈವರ್‌ಗಳು ತಪ್ಪು ಎಂದಾಗುತ್ತದೆ, ಬರೆದವರೆಲ್ಲ ನಮ್ಮ ಮೇಲೆ ಬೀಳುತ್ತಾರೆ.

ಪ್ರಶ್ನೆ ನ್ಯಾಯವಾದದ್ದು. ವಿವರಣೆಯ ಟಿಪ್ಪಣಿಯಲ್ಲಿ ಬರೆದೆ: ಈ ಹೊಣೆ ಯಾರದೆಂದು ಇದುವರೆಗೆ ಎಲ್ಲಿಯೂ ಸ್ಪಷ್ಟವಾಗಿ ಹೇಳಿಲ್ಲ, ಹಿಂದಿನ ಡ್ರೈವರ್‌ಗಳನ್ನು ಇದರಿಂದ ಅಳೆಯುವಂತಿಲ್ಲ, ಮುಂದಿನವರಿಗಾಗಿ ಸ್ಪಷ್ಟಪಡಿಸುತ್ತಿದ್ದೇವೆ. ಅಕ್ಷರಶಃ ನಿಜ. ಇವತ್ತು ಬರೆಯಬೇಕೆಂದರೂ ಅದನ್ನೇ ಬರೆಯುತ್ತೇನೆ. ಅವರು ಒಪ್ಪಿದರು, ನನ್ನ ಪ್ಯಾರಾಗಳು ಕೈಪಿಡಿಯೊಳಗೆ ಹೋದವು. ಆಕೆಗೆ ಫೋನ್ ಮಾಡಿ ಹೇಳಿದೆ.

"ಅಂದ್ರ ಗೆದ್ದೀವೇನು?"

"ಇನ್ನ ಇಲ್ಲ. ಗೆಲ್ತೀವಿ."

"ಲೇ, ನೀ ಹೇಳೋದು ಕೇಳಿದ್ರ ಎಲೆಕ್ಷನ್ ಭಾಷಣ ಕೇಳಿದಂಗ ಆಗ್ತೈತಿ," ಎಂದು ನಕ್ಕಳು. ಆಕೆ ನಕ್ಕದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ವಿಚಾರಣೆ ಗಣಿಯ ಕಚೇರಿಯಲ್ಲಿ ನಡೆಯಿತು. ಮೇಜಿನ ಆಚೆ ಗಣಿಯ ಒಬ್ಬ ಅಧಿಕಾರಿ, ಈಚೆ ಆಕೆ, ಯಜಮಾನರು, ನಾನು. ಕಂಪ್ಯೂಟರ್ ಇಟ್ಟು, ತಂತಿ ಕಿತ್ತು, ಒರೆಸಿ, ಸಿಕ್ಕಿಸಿ ತೋರಿಸಿದೆ. ಸೆನ್ಸರ್ ಅಲ್ಲಾಡಿಸಿದರೆ ಪರದೆಯ ಗೆರೆ ಮಲಗಿಯೇ ಇತ್ತು, ಕಡತದಲ್ಲಿ ಎದ್ದಿತ್ತು. ಅಧಿಕಾರಿ ಎದ್ದು ಬಂದು ತಾನೇ ಅಲ್ಲಾಡಿಸಿ ನೋಡಿದ. ತಲೆದೂಗಿದ.

"ಹಾಗಾದರೆ ಇವರು ನಿದ್ದೆ ಮಾಡಿರಲಿಲ್ಲ ಅಂತ ಒಪ್ಪಬಹುದು."

ಆಕೆ ನನ್ನ ಮೊಣಕೈ ಹಿಡಿದಳು.

"ಡ್ರೈವರ್‌ನಲ್ಲಿ ದೋಷ ಇತ್ತು ಅಂತೀರಾ?" ಎಂದು ಅಧಿಕಾರಿ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ಎದ್ದು ನಿಂತು, ಅಚ್ಚು ಹಾಕಿಸಿ ತಂದಿದ್ದ ಕಾಗದ ಮುಂದಿಟ್ಟರು. ನನ್ನದೇ ಟಿಪ್ಪಣಿ. ಇದುವರೆಗೆ ಎಲ್ಲಿಯೂ ಸ್ಪಷ್ಟವಾಗಿ ಹೇಳಿಲ್ಲ. ಹಿಂದಿನ ಡ್ರೈವರ್‌ಗಳನ್ನು ಇದರಿಂದ ಅಳೆಯುವಂತಿಲ್ಲ.

"ಸರ್," ಎಂದೆ.

"ನೀನ ಬರದದ್ದು. ಸುಳ್ಳೇನು?"

ಸುಳ್ಳಲ್ಲ. ಸುಳ್ಳಾಗಿದ್ದರೆ ಹರಿದು ಹಾಕುತ್ತಿದ್ದೆ. ಅವರ ಕಣ್ಣಿನಲ್ಲಿ ಮೋಸ ಕಾಣಲಿಲ್ಲ, ಹೆದರಿಕೆ ಕಂಡಿತು. ವರ್ಕ್‌ಶಾಪಿನಲ್ಲಿ ಅವರನ್ನು ನಂಬಿ ಬದುಕುವವರಲ್ಲಿ ನಾನೂ ಒಬ್ಬಳು.

"ಹಾಗಾದರೆ ಯಂತ್ರದ ಕಡೆ ಯಾವ ನಿಯಮವೂ ಮುರಿದಿಲ್ಲ," ಎಂದು ಅಧಿಕಾರಿ ಬರೆದುಕೊಂಡ. ಆಮೇಲೆ ಸೆನ್ಸರ್ ಪೆಟ್ಟಿಗೆಯ ಜೊತೆ ನಾವು ಕೊಟ್ಟಿದ್ದ ಇಂಗ್ಲಿಷ್ ಪುಸ್ತಿಕೆಯ ಹಿಂಬದಿ ತೆಗೆದು ಓದಿದ: ಶುಚಿಗೊಳಿಸುವ ಮುನ್ನ ಪ್ರೋಗ್ರಾಂ ಮುಚ್ಚುವುದು. "ಆ ದಿನ ತಂತಿ ಕಿತ್ತವರು ಯಾರು?"

"ನಾನ," ಎಂದಳು ಆಕೆ. "ಪಾಳಿಗೆ ಬಂದವರು ಒರಸಬೇಕು."

"ಪ್ರೋಗ್ರಾಂ ಮುಚ್ಚಿದ್ದಿರಾ?"

"ಯಾರೂ ಮುಚ್ಚಂಗಿಲ್ರಿ."

"ನಿಮ್ಮನ್ನು ಕೇಳ್ತಿದೀನಿ."

ನಾನು ವಾದಿಸಿದೆ. ಆ ಪುಸ್ತಿಕೆಯನ್ನು ಅವರಿಗೆ ಯಾರೂ ತೋರಿಸಿಲ್ಲ, ಬಾಯಿಮಾತಿನಲ್ಲಿ ಒರೆಸಿ ಎಂದಷ್ಟೇ ಹೇಳಿದ್ದಾರೆ, ಎಲ್ಲ ಪಾಳಿಯವರೂ ಹೀಗೆಯೇ ಮಾಡುತ್ತಾರೆ, ಕಾಣದ ನಿಯಮಕ್ಕೆ ಶಿಕ್ಷೆ ಇಲ್ಲ ಎಂದು ಡ್ರೈವರನ್ನು ಬಿಡುವುದಾದರೆ ಅದೇ ನ್ಯಾಯದಲ್ಲಿ ಈಕೆಯನ್ನೂ ಬಿಡಬೇಕು. ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ಮಾತಾಡಿದ ನೆನಪಿಲ್ಲ. ಅಧಿಕಾರಿ ಕೊನೆಯತನಕ ಮರ್ಯಾದೆಯಿಂದ ಕೇಳಿದ. ಮುಗಿದ ಮೇಲೆ, "ಡ್ರೈವರ್‌ಗೆ ನಿಯಮ ಬರೆದಿರಲಿಲ್ಲ ಮೇಡಂ, ಇವರಿಗೆ ಬರೆದಿತ್ತು," ಎಂದ.

ಯಂತ್ರದ ನಿಯಮ ಮಸುಕಾಗಿದ್ದರಿಂದ ಯಂತ್ರ ತಪ್ಪಿಸಿಕೊಂಡಿತು. ಮನುಷ್ಯಳ ನಿಯಮ ಸ್ಪಷ್ಟವಾಗಿದ್ದರಿಂದ ಮನುಷ್ಯಳು ಸಿಕ್ಕಿಬಿದ್ದಳು. ನಿದ್ದೆ ಮಾಡಿದಳು ಎಂಬುದನ್ನು ಹೊಡೆದು ಹಾಕಿ, ಆ ಜಾಗದಲ್ಲಿ ಯಂತ್ರವನ್ನು ಕುರುಡು ಮಾಡಿದಳು ಎಂದು ಬರೆಸಿಕೊಟ್ಟದ್ದು ನನ್ನ ಪ್ರಯೋಗ. ಮುಂಚೆ ಆಕೆಯ ಮೇಲೆ ಇದ್ದದ್ದು ಅನುಮಾನ. ಈಗ ಪುರಾವೆ.

ನೌಕರಿ ಹೋಯಿತು. ಬಂಡ್ರಿಯಲ್ಲಿ ಇರಲಾರದೆ, ಅವ್ವನನ್ನು ಅಲ್ಲೇ ಬಿಟ್ಟು, ಕಂಪ್ಲಿಯಲ್ಲಿದ್ದ ಅಕ್ಕನ ಮನೆಗೆ ಹೋದಳು, ಭತ್ತದ ನಾಟಿಗೆ ಕೂಲಿಗೆ ಸೇರಿದಳು. ಒಂದು ದಿನ ನಾನೇ ಕಂಪ್ಲಿಗೆ ಹೋಗಿ, ಗದ್ದೆಯ ಬದುವಿನ ಮೇಲೆ ಸಿಕ್ಕೆ. ಆಕೆಯ ಕಾಲಿಗೆ ಮೊಣಕಾಲಿನವರೆಗೆ ಕಪ್ಪು ಕೆಸರು.

"ಕೆಂಪು ಹೋಗಿ ಕರಿ ಬಂತು ನೋಡು," ಎಂದು ಕಾಲು ತೋರಿಸಿದಳು. ಸುತ್ತ ಇದ್ದ ಹೆಂಗಸರು ನಕ್ಕರು, ಆಕೆ ನಗಲಿಲ್ಲ. ಸ್ವಲ್ಪ ದೂರ ಕರೆದುಕೊಂಡು ಹೋಗಿ ಹೇಳಿದಳು: "ಗಣಿಯವರದು ಬಿಡು. ನೀ ಒಮ್ಮಿ ಅವನ ಮನಿಗೆ ಹೋಗಿ, ಅವರ ಮುಂದ ಹೇಳ್ತೀಯಾ? ನಾ ಹೇಳಿದ್ರ ಕೇಳಂಗಿಲ್ಲ. ನೀ ಮಾತಾಡಾಕಿ."

ಹೋದೆವು. ಆಕೆ ಬಂಡ್ರಿಯ ಬಸ್ ನಿಲ್ಲುವ ಕಡೆ ಚಹಾದಂಗಡಿಯ ಹಿಂದೆ ಕುಳಿತಳು, ಮುಂದೆ ಕೂರಲಿಲ್ಲ. ನಾನೊಬ್ಬಳೇ ಓಣಿಗೆ ನಡೆದೆ.

ಟ್ಯಾಂಕರ್ ಓಡಿಸುತ್ತಿದ್ದವನು ಜಗುಲಿಯ ಮೇಲೆ ಮಂಚದಲ್ಲಿದ್ದ. ನನಗಿಂತ ಹೆಚ್ಚು ವಯಸ್ಸಿರಲಾರದು. "ಬರ್ರಿ ಮೇಡಂ. ಎದ್ದು ನಿಂದ್ರಾಕ ಆಗಂಗಿಲ್ಲ, ತಪ್ಪ ತಿಳ್ಕೋಬ್ಯಾಡ್ರಿ," ಎಂದ. ಅವನ ತಾಯಿ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಯಾರ ಕಡೆಯಿಂದ ಬಂದಿದ್ದೇನೆಂದು ಮೊದಲೇ ಹೇಳಿದೆ. ತಾಯಿ ಒಳಗೆ ಹೋದಳು.

ಅವನು ಕೇಳಿಸಿಕೊಂಡ. ಪುಟ, ಕಿಟಕಿ, ತಂತಿ, ಹಳೆಯ ಅಂಕಿ, ಎಲ್ಲವನ್ನೂ ಹೇಳಿದೆ. ಎಲ್ಲಿಯೂ ತಡೆಯಲಿಲ್ಲ. ನನ್ನ ಮಾತನ್ನು ಅಷ್ಟು ಗಮನವಿಟ್ಟು ಕೇಳಿದವರು ಕಡಿಮೆ.

"ಅಂದ್ರ ಆಕಿ ಮಲಗಿದ್ದಿಲ್ಲ."

"ಇಲ್ಲ."

"ಮಷಿನ್ ಹಳೇದ ತೋರಸ್ತಿತ್ತು. ಹಂಗಾದ್ರ ಮಷಿನ್ ಬರದವರದು ತಪ್ಪು."

"ಹಿಂಗ ಬರೀಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ."

"ಹೇಳಬೇಕಾದವರು?"

"ಅವರು ದೇಶದೇಶದಾಗ ಅದಾರ. ಒಬ್ಬರಂತ ಇಲ್ಲ."

"ವಯರ್ ಕಿತ್ತವರು?"

"ಎಲ್ಲಾರೂ ಕೀಳ್ತಿದ್ರು."

"ಅವತ್ತ?"

ಸುತ್ತುಬಳಸಿ ಹೇಳಬಹುದಿತ್ತು. "ಆಕಿ," ಎಂದೆ.

ಅವನು ಹೊದಿಕೆ ಸರಿಮಾಡಿಕೊಂಡ. ಓಣಿಯಲ್ಲಿ ಯಾರೋ ಬೈಕ್ ಚಾಲೂ ಮಾಡಲು ಒದೆಯುತ್ತಿದ್ದರು, ಅದು ಹಿಡಿಯುತ್ತಿರಲಿಲ್ಲ.

"ನೀವು ಹೇಳಿದ್ದು ನನಗ ತಿಳೀತು ಮೇಡಂ. ದಡ್ಡಲ್ಲ ನಾನು. ಆದ್ರ ಸಿಟ್ಟು ಅಂಬೋದು ಎಲ್ಲೆರ ಇಡಬೇಕಲ್ರಿ. ದೇಶದೇಶಕ್ಕ ಹೋಗಿ ಜಗಳಾಡಾಕ ನನಗ ಕಾಲಿಲ್ಲ. ಆಕಿ ಮನಿ ಎದುರಿಗೇ ಐತಿ."

ಇದಕ್ಕೆ ಉತ್ತರ ಇದೆ. ಆಗಲೂ ಇತ್ತು, ನಾಲಗೆಯ ತುದಿಯಲ್ಲೇ ಇತ್ತು. ಎದುರಿಗಿರುವವರೇ ತಪ್ಪಿತಸ್ಥರು ಎಂಬುದು ತರ್ಕವಲ್ಲ, ಅನುಕೂಲ. ನಾನು ಹೇಳಲಿಲ್ಲ. ಒಳಗಿಂದ ಅವನ ತಾಯಿ ಚಹಾ ತಂದಿಟ್ಟಳು, ನನ್ನ ಕೈಗೆ ಕೊಡದೆ ನೆಲದ ಮೇಲಿಟ್ಟಳು. ಕುಡಿದು ಎದ್ದೆ.

ಚಹಾದಂಗಡಿಯ ಹಿಂದೆ ಆಕೆ ಕಾಯುತ್ತಿದ್ದಳು.

"ಏನಂದ?"

ಅವನ ಮಾತನ್ನು ಇದ್ದಂತೆಯೇ ಹೇಳಿದೆ. ಸಿಹಿ ಸವರಿ ಹೇಳುವುದು ನನಗೆ ಬರುವುದಿಲ್ಲ, ಆಕೆಗೂ ಬೇಕಾಗಿರಲಿಲ್ಲ.

"ಮಲಗಿದ್ದೆ ಅಂತ ಈಗ್ಲೂ ಅಂತಾನೇನು?"

"ಇಲ್ಲ. ಅದನ್ನ ಬಿಟ್ಟಾನ."

ಆಕೆ ಸೆರಗು ಕೊಡವಿ ಎದ್ದಳು. ಹೊಸಪೇಟೆಯ ಬಸ್ಸು ತಿರುವಿನಲ್ಲಿ ಕಾಣಿಸಿತು.

"ಇಷ್ಟು ದೂರ ಬಂದೀವಿ, ನಿಮ್ಮವ್ವನ್ನ ನೋಡಿ ಬರ್ತೀಯಾ? ಮುಂದಿನ ಬಸ್ಸಿಗೆ ಹೋದ್ರಾತು," ಎಂದೆ.

"ಅವರ ಜಗುಲಿ ದಾಟೇ ಹೋಗಬೇಕಲ್ಲ," ಎಂದಳು. ಬಸ್ಸು ನಿಂತಿತು. ಆಕೆ ಮೊದಲು ಹತ್ತಿದಳು, ನಾನು ಹಿಂದೆ.